ಹೆಜ್ಜೆ ಗುರುತಿನಿಂದ ಪಟ್ಟೆಯ ಗುರುತಿಗೆ: ಹುಲಿ ಎಣಿಕೆಯ ಕಥೆ

ರಾಜಸ್ಥಾನದ ಸರಿಸ್ಕಾ ಹುಲಿ ರಕ್ಷಿತಾರಣ್ಯದಲ್ಲಿ 2004ರ ಗಣತಿಯ ಪ್ರಕಾರ 16 ಹುಲಿಗಳಿದ್ದವು. 2005ರ ಆರಂಭದಲ್ಲಿ ಅದೇ ಕಾಡನ್ನು ಜಾಲಾಡಿದಾಗ ಒಂದೇ ಒಂದು ಹುಲಿಯೂ ಸಿಗಲಿಲ್ಲ. ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಕಳ್ಳಬೇಟೆಗಾರರು ಹುಲಿಗಳನ್ನು ಮುಗಿಸಿದ್ದು ಒಂದು ದುರಂತ. ಕಾಡು ಬರಿದಾಗುತ್ತಿದ್ದ ಹೊತ್ತಿನಲ್ಲೂ ಕಡತದಲ್ಲಿ ಹುಲಿಗಳು ಓಡಾಡಿಕೊಂಡೇ ಇದ್ದದ್ದು ಅದಕ್ಕಿಂತ ದೊಡ್ಡ ದುರಂತ. ಅಪಾಯದ ಗಂಟೆ ಬಾರಿಸಬೇಕಾಗಿದ್ದ ಲೆಕ್ಕವೇ ಎಲ್ಲವೂ ಸರಿಯಿದೆ ಎಂಬ ಭರವಸೆ ಕೊಡುತ್ತಿತ್ತು.

ಒಂದು ಕಾಡಿನಲ್ಲಿ ಎಷ್ಟು ಹುಲಿಗಳಿವೆ? ಪ್ರಶ್ನೆ ಸರಳ, ಉತ್ತರ ಕಷ್ಟ. ಆನೆಗಳಂತೆ ಹುಲಿಗಳು ಹಿಂಡುಕಟ್ಟಿ ನೀರಿಗೆ ಬರುವುದಿಲ್ಲ. ಜಿಂಕೆಗಳಂತೆ ಬಯಲಲ್ಲಿ ಮೇಯುತ್ತ ನಿಲ್ಲುವುದಿಲ್ಲ. ಒಂಟಿಯಾಗಿ, ಹೆಚ್ಚಾಗಿ ರಾತ್ರಿ ವೇಳೆ, ಹತ್ತಾರು ಚದರ ಕಿಲೋಮೀಟರು ಕಾಡಿನಲ್ಲಿ ತಿರುಗುವ ಪ್ರಾಣಿ ಅದು. ವರ್ಷಗಟ್ಟಲೆ ಕಾಡಿನಲ್ಲಿ ಕೆಲಸ ಮಾಡಿದವರಿಗೂ ಹುಲಿ ಕಣ್ಣಿಗೆ ಬೀಳುವುದು ಅಪರೂಪ. ಕಾಣದ ಪ್ರಾಣಿಯನ್ನು ಎಣಿಸಲು ಕಳೆದ ಶತಮಾನದಲ್ಲಿ ನಡೆದ ಪ್ರಯತ್ನಗಳದ್ದೇ ಒಂದು ಚರಿತ್ರೆ. ಆ ಚರಿತ್ರೆಯ ಮುಖ್ಯ ತಿರುವು ನಡೆದದ್ದು ನಮ್ಮ ನಾಗರಹೊಳೆಯಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಊಹೆಯ ಕಾಲ

ಬೇಟೆಯ ಕಾಲದಲ್ಲಿ ಹುಲಿಗಳನ್ನು ಎಣಿಸುವ ಅಗತ್ಯ ಯಾರಿಗೂ ಇರಲಿಲ್ಲ. ರಾಜ ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಇಟ್ಟುಕೊಂಡಿದ್ದು ಕೊಂದ ಹುಲಿಗಳ ಲೆಕ್ಕವನ್ನು, ಬದುಕಿದ್ದವುಗಳದ್ದಲ್ಲ. 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ 40,000 ಹುಲಿಗಳಿದ್ದವು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ನಿಸರ್ಗತಜ್ಞ ಇ.ಪಿ. ಜೀ ಅವರು ಬಹುಕಾಲದ ನಂತರ ಮಾಡಿದ ಊಹೆ. ಯಾರೂ ಆಗ ಕಾಡಿನಲ್ಲಿ ಎಣಿಸಿ ಬರೆದಿಟ್ಟ ಅಂಕಿಯಲ್ಲ.

1969ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಮಹಾಧಿವೇಶನ ನಡೆಯಿತು. ಹುಲಿ ಅಳಿವಿನ ಅಂಚಿನಲ್ಲಿದೆ ಎಂಬ ಕೂಗು ಅಲ್ಲಿ ಬಲವಾಗಿ ಎದ್ದಿತು. 1972ರಲ್ಲಿ ಮೊದಲ ಬಾರಿಗೆ ದೇಶವ್ಯಾಪಿ ಗಣತಿ ನಡೆದು, ಹುಲಿಗಳ ಸಂಖ್ಯೆ 1,827 ಎಂದು ಪ್ರಕಟವಾಯಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರ ಏಪ್ರಿಲ್ 1ರಂದು ಕಾರ್ಬೆಟ್ ಅರಣ್ಯದಲ್ಲಿ ‘ಹುಲಿ ಯೋಜನೆ’ಗೆ ಚಾಲನೆ ದೊರೆಯಿತು. ಆರಂಭದಲ್ಲಿ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ತಾಣವಾಗಿದ್ದ ಕಾಡು ಈಗ ಹುಲಿಯ ಆಶ್ರಯತಾಣವಾಯಿತು.

ಯೋಜನೆಯೆಂದ ಮೇಲೆ ಹಣ ಖರ್ಚಾಗುತ್ತದೆ. ಹಣ ಖರ್ಚಾದ ಮೇಲೆ ಫಲ ತೋರಿಸಬೇಕಾಗುತ್ತದೆ. ಹೀಗೆ ಕೆಲವು ವರ್ಷಗಳಿಗೊಮ್ಮೆ ಹುಲಿಗಳ ಸಂಖ್ಯೆ ಪ್ರಕಟಿಸುವ ಪರಿಪಾಠ ಬೆಳೆಯಿತು. 1979ರಲ್ಲಿ 3,015, 1984ರಲ್ಲಿ 4,005, 1989ರಲ್ಲಿ 4,334 ಎಂದು ಅಂಕಿ ಏರುತ್ತ ಹೋಯಿತು. ಈ ಅಂಕಿಗಳೆಲ್ಲ ಬಂದದ್ದು ಹೆಜ್ಜೆ ಗುರುತಿನಿಂದ.

ಗಾಜಿನ ಮೇಲೆ ಮೂಡಿದ ಹೆಜ್ಜೆ

ಹುಲಿಯ ಹೆಜ್ಜೆ ನೋಡಿ ಅದರ ಜಾಡು ಹಿಡಿಯುವ ವಿದ್ಯೆ ಕಾಡಿನ ಜನರಿಗೆ ಹೊಸದಲ್ಲ. ಅದನ್ನು ಗಣತಿಗೆ ಬಳಸಿದ ಮೊದಲಿಗರಲ್ಲಿ ಅರಣ್ಯಾಧಿಕಾರಿ ಜೆ.ಡಬ್ಲ್ಯು. ನಿಕೋಲ್ಸನ್ ಒಬ್ಬರು. 1934ರಲ್ಲಿ ಅವರು ಈಗಿನ ಜಾರ್ಖಂಡ್‌ನ ಪಲಾಮು ಕಾಡಿನಲ್ಲಿ ಈ ಪ್ರಯೋಗ ನಡೆಸಿದರು. 1960ರ ದಶಕದಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ಇದಕ್ಕೊಂದು ಶಿಸ್ತಿನ ರೂಪ ಕೊಟ್ಟರು. ಸಿಮ್ಲಿಪಾಲ್ ಹುಲಿ ರಕ್ಷಿತಾರಣ್ಯದ ಮೊದಲ ನಿರ್ದೇಶಕರಾಗಿದ್ದ ಚೌಧರಿಯವರು ‘ಖೈರಿ’ ಎಂಬ ಹುಲಿಮರಿಯನ್ನು ಮನೆಯಲ್ಲೇ ಸಾಕಿ ದೇಶದಲ್ಲೆಲ್ಲ ಹೆಸರಾದವರು.

ಅವರ ವಿಧಾನ ಹೀಗಿತ್ತು. ಗೊತ್ತುಪಡಿಸಿದ ದಿನಗಳಲ್ಲಿ ಅರಣ್ಯ ಸಿಬ್ಬಂದಿ ಕಾಡಿನ ದಾರಿ, ಹಳ್ಳದ ದಂಡೆಗಳಲ್ಲಿ ಹೆಜ್ಜೆ ಹುಡುಕುತ್ತ ಹೋಗುತ್ತಾರೆ. ಹುಲಿಯ ಎಡ ಹಿಂಗಾಲಿನ ಗುರುತು ಸಿಕ್ಕಿದರೆ ಅದರ ಮೇಲೆ ಗಾಜು ಹಿಡಿದು ಅಂಚನ್ನು ಬರೆದುಕೊಳ್ಳುತ್ತಾರೆ. ಕೆಲವೊಮ್ಮೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಹೆಜ್ಜೆ ಚೌಕಾಕಾರವಾಗಿದ್ದರೆ ಗಂಡು, ತುಸು ಉದ್ದಕ್ಕಿದ್ದರೆ ಹೆಣ್ಣು. ಕೊನೆಗೆ ಎಲ್ಲ ಚಿತ್ರಗಳನ್ನೂ ಒಂದೆಡೆ ಹರಡಿ, ಒಂದೇ ಹುಲಿಯದೆಂದು ತೋರಿದವನ್ನು ಬೇರೆ ಮಾಡಿದರೆ ಉಳಿದದ್ದು ಹುಲಿಗಳ ಸಂಖ್ಯೆ. ದುಬಾರಿ ಸಲಕರಣೆ ಬೇಡ, ದೊಡ್ಡ ಓದು ಬೇಡ, ದೇಶದ ಎಲ್ಲ ಕಾಡುಗಳಲ್ಲೂ ಮಾಡಬಹುದು. ಆದ್ದರಿಂದಲೇ ಈ ವಿಧಾನ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದುಕೊಂಡು ಬಂತು.

ತೊಂದರೆ ಇದ್ದದ್ದು ಎರಡು ಕಡೆ. ಮೊದಲನೆಯದು, ಒಂದೇ ಹುಲಿಯ ಹೆಜ್ಜೆ ಎಲ್ಲ ಕಡೆಯೂ ಒಂದೇ ರೀತಿ ಮೂಡುವುದಿಲ್ಲ. ಒದ್ದೆ ಮಣ್ಣಿನಲ್ಲಿ ಅಗಲವಾಗಿ ಕಾಣುವುದು ಸಣ್ಣ ಧೂಳಿನಲ್ಲಿ ಬೇರೆಯಾಗಿ ಕಾಣುತ್ತದೆ. ನಡೆಯುವಾಗಿನ ಗುರುತು ಬೇರೆ, ಓಡುವಾಗಿನದು ಬೇರೆ. ಬರೆದುಕೊಳ್ಳುವವರ ಕೈಚಳಕವೂ ಸೇರಿಕೊಳ್ಳುತ್ತದೆ. ಎರಡನೆಯದು ಇನ್ನೂ ಗಂಭೀರ. ಕಾಡಿನಲ್ಲಿರುವ ಪ್ರತಿಯೊಂದು ಹುಲಿಯ ಹೆಜ್ಜೆಯೂ ಸಿಬ್ಬಂದಿಗೆ ಸಿಕ್ಕೇ ಸಿಗುತ್ತದೆ ಎಂದು ಈ ವಿಧಾನ ನಂಬಿತ್ತು. ತರಗೆಲೆ ಮುಚ್ಚಿದ ಮಲೆನಾಡಿನ ನೆಲದಲ್ಲಿ, ಕಲ್ಲು ಬಂಡೆಗಳ ಗುಡ್ಡದಲ್ಲಿ ಎಷ್ಟು ಹುಲಿಗಳು ಗುರುತು ಬಿಡದೆ ಹಾದುಹೋದವು ಎಂಬುದನ್ನು ತಿಳಿಯುವ ಉಪಾಯವೇ ಅದರಲ್ಲಿ ಇರಲಿಲ್ಲ.

ನಾಲ್ಕು ಹುಲಿಗಳ ಪರೀಕ್ಷೆ

ಈ ಪ್ರಶ್ನೆಯನ್ನು ಎತ್ತಿದವರಲ್ಲಿ ಪ್ರಮುಖರು ಕೆ. ಉಲ್ಲಾಸ ಕಾರಂತ. ಸಾಹಿತಿ ಶಿವರಾಮ ಕಾರಂತರ ಪುತ್ರರಾದ ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಕಾಡಿನ ಸೆಳೆತದಿಂದ ಆ ವೃತ್ತಿ ಬಿಟ್ಟು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನ ಕಲಿತರು. ನಾಗರಹೊಳೆಯನ್ನು ತಮ್ಮ ಪ್ರಯೋಗಶಾಲೆಯಾಗಿ ಮಾಡಿಕೊಂಡರು.

1980ರ ದಶಕದಲ್ಲಿ ಅವರೊಂದು ಸರಳ ಪರೀಕ್ಷೆ ನಡೆಸಿದರು. ಬಂಧನದಲ್ಲಿದ್ದ ನಾಲ್ಕೇ ನಾಲ್ಕು ಹುಲಿಗಳ ಹೆಜ್ಜೆಗಳಿಂದ 33 ಚಿತ್ರಗಳನ್ನು ತಯಾರಿಸಿ, ಗಣತಿಯಲ್ಲಿ ಪಳಗಿದ ಆರು ಮಂದಿಯ ಮುಂದಿಟ್ಟು, ಇವು ಎಷ್ಟು ಹುಲಿಗಳವು ಎಂದು ಕೇಳಿದರು. ಒಬ್ಬರೂ ನಾಲ್ಕು ಎನ್ನಲಿಲ್ಲ. ಉತ್ತರಗಳು ಆರರಿಂದ ಆರಂಭವಾಗಿ ಇಪ್ಪತ್ತನ್ನೂ ದಾಟಿದವು. 1987ರಲ್ಲಿ ಪ್ರಕಟವಾದ ಲೇಖನದಲ್ಲಿ ಕಾರಂತರು ಹೆಜ್ಜೆ ಗಣತಿಯ ದೋಷಗಳನ್ನು ಬಿಡಿಸಿಟ್ಟರು. ಈ ಟೀಕೆ ಇಲಾಖೆಗಳಲ್ಲಿ ಹಲವರಿಗೆ ಹಿಡಿಸಲಿಲ್ಲ. ಗಣತಿಯೂ ಹಳೆಯ ರೀತಿಯಲ್ಲೇ ಮುಂದುವರಿಯಿತು.

ಆದರೆ ಟೀಕೆಯೊಂದೇ ಸಾಲದು. ಹೆಜ್ಜೆ ಬೇಡವೆಂದರೆ ಅದಕ್ಕೆ ಬದಲಾಗಿ ಏನು?

ಕೆರೆಯ ಮೀನಿನ ಲೆಕ್ಕ

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹುಲಿಗೆ ಸಂಬಂಧವೇ ಇಲ್ಲದ ಹಳೆಯ ಗಣಿತವೊಂದರಲ್ಲಿ. ಒಂದು ಕೆರೆಯಲ್ಲಿ ಎಷ್ಟು ಮೀನುಗಳಿವೆ ಎಂದು ತಿಳಿಯಬೇಕೆನ್ನಿ. ಕೆರೆ ಬತ್ತಿಸದೆ ಎಲ್ಲವನ್ನೂ ಹಿಡಿಯಲಾಗದು. ಮೊದಲ ದಿನ ಬಲೆ ಬೀಸಿ 50 ಮೀನು ಹಿಡಿದು, ಗುರುತು ಹಾಕಿ ನೀರಿಗೆ ಬಿಡುವುದು. ಅವು ಉಳಿದ ಮೀನುಗಳೊಡನೆ ಬೆರೆತ ಮೇಲೆ ಮತ್ತೆ ಬಲೆ ಬೀಸುವುದು. ಈ ಸಲ ಸಿಕ್ಕಿದ 40 ಮೀನುಗಳಲ್ಲಿ 10ಕ್ಕೆ ಗುರುತು ಇದೆ ಎಂದುಕೊಳ್ಳೋಣ. ಅಂದರೆ ನಾಲ್ಕರಲ್ಲಿ ಒಂದಕ್ಕೆ ಗುರುತಿದೆ. ಹಾಗಾದರೆ ಮೊದಲು ಗುರುತು ಹಾಕಿದ 50 ಮೀನುಗಳು ಇಡೀ ಕೆರೆಯ ನಾಲ್ಕನೇ ಒಂದು ಭಾಗ. ಕೆರೆಯಲ್ಲಿರುವುದು ಸುಮಾರು 200 ಮೀನು.

ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇಂಥದ್ದೇ ತರ್ಕದಿಂದ ತಮ್ಮ ದೇಶದ ಜನಸಂಖ್ಯೆಯನ್ನು ಅಂದಾಜು ಮಾಡಿದ್ದರು. 19ನೇ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಮೀನುಗಳ ಅಧ್ಯಯನದಲ್ಲೂ, 1930ರಲ್ಲಿ ಅಮೆರಿಕದ ಲಿಂಕನ್ ಬಾತುಕೋಳಿಗಳ ಅಂದಾಜಿಗೂ ಇದನ್ನು ಬಳಸಿದರು. ಇದರ ಹೆಚ್ಚುಗಾರಿಕೆ ಇಷ್ಟೇ: ಕಂಡದ್ದನ್ನು ಮಾತ್ರ ಎಣಿಸದೆ, ಕಾಣದೆ ಉಳಿದದ್ದು ಎಷ್ಟಿರಬಹುದು ಎಂಬುದನ್ನೂ ಅದು ಲೆಕ್ಕ ಹಾಕುತ್ತದೆ. ಹೆಜ್ಜೆ ಗಣತಿಯಲ್ಲಿ ಇಲ್ಲದಿದ್ದ ಗುಣ ಇದೇ.

ಮೀನಿಗಾದರೆ ಗುರುತು ಹಾಕಬಹುದು, ಹುಲಿಗೆ ಯಾರು ಹಾಕುವುದು? ಆ ಕೆಲಸವನ್ನು ನಿಸರ್ಗವೇ ಮಾಡಿಟ್ಟಿದೆ. ಮನುಷ್ಯರ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಬದಿಯ ಪಟ್ಟೆಗೂ ಬಲಬದಿಯದಕ್ಕೂ ಹೋಲಿಕೆಯಿಲ್ಲ. 1960ರ ದಶಕದಲ್ಲಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಅಧ್ಯಯನ ನಡೆಸಿದ ಅಮೆರಿಕದ ವಿಜ್ಞಾನಿ ಜಾರ್ಜ್ ಶಾಲರ್ ಮುಖದ ಗುರುತುಗಳಿಂದಲೇ ಹುಲಿಗಳನ್ನು ಬೇರೆ ಬೇರೆಯಾಗಿ ತಿಳಿಯುತ್ತಿದ್ದರು. ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡುವ ಉಪಾಯವೂ ಹಳೆಯದೇ. 1920ರ ದಶಕದಲ್ಲಿ ಉತ್ತರ ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ಕಾಡುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯ ಕಾಲು ತಗುಲಿದೊಡನೆ ಕ್ಯಾಮೆರಾ ಕ್ಲಿಕ್ಕಿಸುವಂತೆ ಮಾಡಿದ್ದರು. ಕೋವಿಯ ಬದಲು ಕ್ಯಾಮೆರಾ ಹಿಡಿದ ಅವರ ಪುಸ್ತಕ 1927ರಲ್ಲಿ ಹೊರಬಂತು.

ನಾಗರಹೊಳೆಯ ಕ್ಯಾಮೆರಾಗಳು

ಪಟ್ಟೆ, ಕ್ಯಾಮೆರಾ, ಮೀನಿನ ಗಣಿತ ಈ ಮೂರನ್ನೂ ಒಂದುಗೂಡಿಸಿ ಹುಲಿಗಳ ಸಂಖ್ಯೆ ತಿಳಿಯುವ ವಿಧಾನ ರೂಪುಗೊಂಡದ್ದು 1990ರ ದಶಕದ ಆರಂಭದಲ್ಲಿ, ನಾಗರಹೊಳೆಯಲ್ಲಿ. ಹುಲಿ ನಡೆದಾಡುವ ಕಾಡುದಾರಿಗಳ ಎರಡೂ ಬದಿಗೆ ಕ್ಯಾಮೆರಾ ಕಟ್ಟಲಾಯಿತು. ಹುಲಿ ನಡುವೆ ಹಾದುಹೋದಾಗ ಎರಡೂ ಕ್ಯಾಮೆರಾಗಳು ಒಮ್ಮೆಲೇ ಮಿಂಚಿ ಎಡಬಲದ ಚಿತ್ರ ತೆಗೆಯುತ್ತವೆ. ಆಗಿನವು ಫಿಲಂ ಸುರುಳಿಯ ಕ್ಯಾಮೆರಾಗಳು. ಸುರುಳಿ ಬದಲಿಸಬೇಕು, ತೊಳೆಸಬೇಕು, ಮುದ್ರಿಸಬೇಕು, ಆಮೇಲೆ ಕಣ್ಣಿನಿಂದಲೇ ಪಟ್ಟೆಗೆ ಪಟ್ಟೆ ಹೋಲಿಸಿ ನೋಡಬೇಕು.

ಮುಂದಿನದು ಲೆಕ್ಕದ ಕೆಲಸ. ಸಿಕ್ಕ ಹುಲಿಗಳೇ ಮತ್ತೆ ಮತ್ತೆ ಸಿಕ್ಕಿದರೆ ಕ್ಯಾಮೆರಾ ಕಣ್ಣಿಗೆ ಬೀಳದವು ಕಡಿಮೆ. ಪ್ರತಿ ಸಲವೂ ಹೊಸ ಹುಲಿಯೇ ಸಿಗುತ್ತಿದ್ದರೆ ಕಾಣದವು ಇನ್ನೂ ಬಹಳ ಇವೆ ಎಂದರ್ಥ. ಈ ವಿಧಾನವನ್ನು ವಿವರಿಸುವ ಕಾರಂತರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಬಳಿಕ ಅಮೆರಿಕದ ಸಂಖ್ಯಾ ತಜ್ಞ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಅವರು ನಾಲ್ಕು ಕಾಡುಗಳಲ್ಲಿ ಅಧ್ಯಯನ ನಡೆಸಿದರು. 1998ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಪ್ರತಿ 100 ಚದರ ಕಿ.ಮೀ.ಗೆ ಅಸ್ಸಾಮಿನ ಕಾಜಿರಂಗದಲ್ಲಿ 16.8, ಕಾನ್ಹಾದಲ್ಲಿ 11.7, ನಾಗರಹೊಳೆಯಲ್ಲಿ 11.5, ಪೆಂಚ್‌ನಲ್ಲಿ 4.1 ಹುಲಿಗಳಿದ್ದವು. ಈ ಅಂಕಿಗಳ ಜೊತೆಗೆ ಎಷ್ಟರಮಟ್ಟಿಗೆ ಹೆಚ್ಚುಕಡಿಮೆ ಆಗಬಹುದು ಎಂಬ ಲೆಕ್ಕವೂ ಇತ್ತು. ‘ಇಷ್ಟೇ’ ಎನ್ನುವ ಬದಲು ‘ಇಷ್ಟರಿಂದ ಇಷ್ಟರೊಳಗೆ’ ಎಂದು ಹೇಳುವ ಪದ್ಧತಿ ಹುಲಿ ಗಣತಿಗೆ ಬಂದದ್ದು ಹೀಗೆ. ಮುಂದೆ ಹಲವು ದೇಶಗಳ ಸಂಶೋಧಕರು ಈ ವಿಧಾನವನ್ನು ಚಿರತೆಯಂಥ ಇತರ ಪ್ರಾಣಿಗಳಿಗೂ ಬಳಸಿಕೊಂಡರು.

ಸಂಖ್ಯೆ ಹೇಳಿದ ಸತ್ಯಗಳು

ಹುಲಿಗಳನ್ನು ಒಂದೊಂದಾಗಿ ಗುರುತಿಸುವುದು ಸಾಧ್ಯವಾದ ಮೇಲೆ ಹೊಸ ಸಂಗತಿಗಳು ತಿಳಿದುಬಂದವು. 1991ರಿಂದ 2000ದವರೆಗಿನ ಅಧ್ಯಯನದಲ್ಲಿ ನಾಗರಹೊಳೆಯ ಕ್ಯಾಮೆರಾಗಳಿಗೆ 74 ಬೇರೆ ಬೇರೆ ಹುಲಿಗಳು ಸಿಕ್ಕಿದ್ದವು. ಸಾವು ಮತ್ತು ವಲಸೆಯಿಂದ ವರ್ಷಕ್ಕೆ ಸರಾಸರಿ ನಾಲ್ಕರಲ್ಲಿ ಒಂದರಷ್ಟು ಹುಲಿಗಳು ಆ ಕಾಡಿನಿಂದ ಮರೆಯಾಗುತ್ತಿದ್ದವು. ಆದರೂ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಮರಿಗಳು ಬೆಳೆದು, ಹೊರಗಿನವು ಬಂದು ಸೇರಿ, ತೆರವಾದ ಜಾಗ ತುಂಬುತ್ತಿತ್ತು. ಹುಲಿ ಸತ್ತ ಸುದ್ದಿ ಬಂದೊಡನೆ ಕಾಡು ಮುಗಿಯಿತೆಂದು ಗಾಬರಿಯಾಗಬೇಕಿಲ್ಲ, ಕಾವಲು ಸರಿಯಿದ್ದು ಆಹಾರ ಸಾಕಷ್ಟಿದ್ದರೆ ಹುಲಿಯ ಸಂತತಿ ತಾಳಿಕೊಳ್ಳುತ್ತದೆ ಎಂಬುದು ಇದರ ಪಾಠ.

ಆಹಾರದ ಪ್ರಶ್ನೆಯೂ ಅಷ್ಟೇ ಮುಖ್ಯ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಕಾಡಿನಲ್ಲಿರುವ ಬಲಿ ಪ್ರಾಣಿಗಳಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ಹುಲಿ ತಿನ್ನುತ್ತದೆ ಎಂದು ಹಿಡಿದರೆ, ಒಂದು ಹುಲಿ ಬದುಕಲು ಸುಮಾರು 500 ಕಡವೆ, ಜಿಂಕೆ, ಕಾಟಿಗಳು ಇರಬೇಕು. ಬಂದೂಕಿಗೆ ಹುಲಿಯೇ ಬಲಿಯಾಗಬೇಕಿಲ್ಲ, ಉರುಳಿಗೆ ಜಿಂಕೆ ಬಿದ್ದರೂ ಹುಲಿ ಉಪವಾಸ ಬೀಳುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು 11 ಕಾಡುಗಳ ಲೆಕ್ಕ ತೆಗೆದು, ಬಲಿ ಪ್ರಾಣಿ ಹೆಚ್ಚಿದ್ದಲ್ಲಿ ಹುಲಿಯೂ ಹೆಚ್ಚು ಎಂಬುದನ್ನು ಅಂಕಿಗಳಲ್ಲಿ ತೋರಿಸಿತು. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಟ್ಟಿಗೆ ಬದುಕಲು ಸಾಧ್ಯವಾಗಿರುವುದಕ್ಕೂ ಇಲ್ಲಿ ಉತ್ತರವಿತ್ತು. ಹುಲಿ ಕಾಟಿ, ಕಡವೆಯಂಥ ದೊಡ್ಡ ಪ್ರಾಣಿಗಳನ್ನು ಹೆಚ್ಚಾಗಿ ನೆಚ್ಚಿಕೊಂಡರೆ, ಉಳಿದೆರಡಕ್ಕೆ ಅದಕ್ಕಿಂತ ಚಿಕ್ಕವು ಸಾಕು.

ಸರಿಸ್ಕಾದ ಪಾಠ

ಇಷ್ಟೆಲ್ಲ ತಿಳಿದಿದ್ದರೂ ಸರ್ಕಾರಿ ಗಣತಿ ಮಾತ್ರ ಹೆಜ್ಜೆಯನ್ನೇ ನಂಬಿತ್ತು. 2001-02ರಲ್ಲಿ ದೇಶದ ಹುಲಿಗಳ ಸಂಖ್ಯೆ 3,642 ಎಂದು ಹೇಳಲಾಯಿತು. ಕಣ್ಣು ತೆರೆಸಿದ್ದು ಸರಿಸ್ಕಾ. ಸುನೀತಾ ನಾರಾಯಣ್ ಅಧ್ಯಕ್ಷತೆಯ ಹುಲಿ ಕಾರ್ಯಪಡೆ 2005ರಲ್ಲಿ ವರದಿ ಕೊಟ್ಟಿತು. ಹಳೆಯ ಗಣತಿಯನ್ನು ಕೈಬಿಡುವ ತೀರ್ಮಾನವಾಯಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಅಸ್ತಿತ್ವಕ್ಕೆ ಬಂತು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಹೊಸ ವಿಧಾನವನ್ನು ರೂಪಿಸಿ 2006ರಲ್ಲಿ ಅಂದಾಜು ನಡೆಸಿತು. 2008ರಲ್ಲಿ ಪ್ರಕಟವಾದ ಅಂಕಿ 1,411.

ದೇಶ ಮತ್ತೊಮ್ಮೆ ಬೆಚ್ಚಿತು. ನಾಲ್ಕೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಲಿಗಳು ಸತ್ತವೇ ಎಂದು ಜನ ಕೇಳಿದರು. ಇಲ್ಲಿ ಒಂದು ಎಚ್ಚರ ಅಗತ್ಯ. ಈ ಎರಡು ಅಂಕಿಗಳು ಬೇರೆ ಬೇರೆ ಅಳತೆಗೋಲಿನಿಂದ ಬಂದವು. ಸೇರಿನ ಲೆಕ್ಕದಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದರ ಪಕ್ಕ ಇಟ್ಟು ‘ಎಷ್ಟು ಕಮ್ಮಿಯಾಯಿತು’ ಎಂದು ಕೇಳಿದ ಹಾಗೆ. ಎಷ್ಟು ಹುಲಿಗಳು ನಿಜಕ್ಕೂ ಸತ್ತವು, ಎಷ್ಟು ಮೊದಲಿಗೇ ಕಾಗದದ ಮೇಲಷ್ಟೇ ಇದ್ದವು ಎಂಬುದನ್ನು ಈಗ ಬೇರ್ಪಡಿಸಲಾಗದು. ತಪ್ಪು ಲೆಕ್ಕದ ನಿಜವಾದ ನಷ್ಟ ಇದು. ಅದು ಹಿಂದಿನ ದಾರಿಯನ್ನೇ ಅಳಿಸಿಹಾಕುತ್ತದೆ. 2009ರ ಹೊತ್ತಿಗೆ ಮಧ್ಯಪ್ರದೇಶದ ಪನ್ನಾದಲ್ಲೂ ಹುಲಿಗಳು ಇಲ್ಲವಾಗಿದ್ದವು. ಎರಡೂ ಕಾಡುಗಳಿಗೆ ಬೇರೆ ಕಡೆಯಿಂದ ಹುಲಿಗಳನ್ನು ತಂದು ಬಿಡಬೇಕಾಯಿತು.

ಕೋಟಿಗಟ್ಟಲೆ ಚಿತ್ರಗಳು

2006ರ ನಂತರ ನಾಲ್ಕು ವರ್ಷಗಳಿಗೊಮ್ಮೆ ಅಂದಾಜು ನಡೆದಿದೆ. 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967 ಹುಲಿಗಳೆಂದು ವರದಿಯಾಯಿತು. ಕೆಲಸದ ಗಾತ್ರ ಊಹೆಗೂ ಮೀರಿದ್ದು. 2018ರ ಸುತ್ತಿನಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು ಮೂರೂವರೆ ಕೋಟಿಯಷ್ಟು ಚಿತ್ರ ತೆಗೆಯಲಾಯಿತು. ಅವುಗಳಲ್ಲಿ ಹುಲಿಯ ಚಿತ್ರಗಳು 76,651 ಮಾತ್ರ. ಈಗ ಪಟ್ಟೆ ಹೋಲಿಸುವ ಕೆಲಸಕ್ಕೆ ಕಂಪ್ಯೂಟರ್ ನೆರವಾಗುತ್ತದೆ. ವಶಪಡಿಸಿಕೊಂಡ ಹುಲಿಯ ಚರ್ಮವನ್ನು ಹಳೆಯ ಚಿತ್ರಗಳೊಡನೆ ತಾಳೆ ನೋಡಿ, ಆ ಹುಲಿ ಯಾವ ಕಾಡಿನದು ಎಂದು ಪತ್ತೆಹಚ್ಚುವುದೂ ಸಾಧ್ಯವಾಗಿದೆ.

‘ಹುಲಿ ಯೋಜನೆ’ಯ ಐವತ್ತನೇ ವರ್ಷದ ಸಮಾರಂಭ 2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ನಡೆಯಿತು. 2022ರ ಅಂದಾಜಿನ ಕನಿಷ್ಠ ಅಂಕಿ 3,167 ಎಂದು ಅಲ್ಲಿ ಪ್ರಕಟಿಸಲಾಯಿತು. ಅದೇ ಜುಲೈನಲ್ಲಿ ಬಂದ ವಿವರವಾದ ಲೆಕ್ಕದಲ್ಲಿ ಸರಾಸರಿ 3,682ಕ್ಕೆ ಏರಿತು. 785 ಹುಲಿಗಳ ಮಧ್ಯಪ್ರದೇಶ ಮೊದಲನೆಯದು, 563 ಹುಲಿಗಳ ಕರ್ನಾಟಕ ಎರಡನೆಯದು.

ಹೊಸ ವಿಧಾನವೂ ಪ್ರಶ್ನಾತೀತವಲ್ಲ. ಎಲ್ಲ ಕಾಡುಗಳಲ್ಲೂ ಕ್ಯಾಮೆರಾ ಇಡಲಾಗದು. ಕ್ಯಾಮೆರಾ ಇಲ್ಲದ ಕಡೆ ಹೆಜ್ಜೆ, ಹಿಕ್ಕೆ, ಬಲಿ ಪ್ರಾಣಿಗಳ ಸುಳಿವುಗಳಿಂದ ಲೆಕ್ಕವನ್ನು ವಿಸ್ತರಿಸಲಾಗುತ್ತದೆ. ಹೀಗೆ ವಿಸ್ತರಿಸುವ ಗಣಿತದಲ್ಲಿ ದೋಷವಿದೆ ಎಂದು ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೋಹನ್ ಡೆಲಂಪಾಡಿ, ಉಲ್ಲಾಸ ಕಾರಂತ ಮೊದಲಾದವರಿದ್ದ ತಂಡ 2015ರಲ್ಲಿ ವಾದಿಸಿತು. ಪ್ರಾಧಿಕಾರದ ಪರವಾಗಿರುವ ವಿಜ್ಞಾನಿಗಳು ತಮ್ಮ ವಿಧಾನವನ್ನು ಸಮರ್ಥಿಸಿಕೊಂಡರು. ಇಂಥ ಚರ್ಚೆ ನಡೆಯುವುದು ಒಳ್ಳೆಯದೇ. ಸರಿಸ್ಕಾದಲ್ಲಿ ಹುಲಿಗಳು ಸದ್ದಿಲ್ಲದೆ ಮಾಯವಾದದ್ದು ಕಡತದ ಅಂಕಿಯನ್ನು ಯಾರೂ ಹೊರಗಿನಿಂದ ಒರೆಗೆ ಹಚ್ಚಿ ನೋಡದಿದ್ದಾಗ.

ಹುಲಿಗಳ ಸಂಖ್ಯೆಯ ಮೇಲೆ ಅನುದಾನ, ಸಿಬ್ಬಂದಿ, ಕಾಡಂಚಿನ ಜನರ ಬದುಕಿನ ತೀರ್ಮಾನಗಳು ನಿಂತಿವೆ. ಕಾಡಿನೊಳಗಿನ ಹಳ್ಳಿಗಳನ್ನು ಹೊರಗೆ ಕಳಿಸುವಾಗ, ಹೊಲಕ್ಕೆ ಹುಲಿ ಬಂತೆಂದು ರೈತರು ದೂರುವಾಗ, ಎರಡು ಕಾಡುಗಳ ನಡುವೆ ರಸ್ತೆ ಹಾಯಿಸುವಾಗ ಮೊದಲು ಕೇಳುವ ಪ್ರಶ್ನೆ ‘ಅಲ್ಲಿ ಎಷ್ಟು ಹುಲಿಗಳಿವೆ’ ಎಂಬುದೇ. ಆ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಕಂಡದ್ದು ಎಷ್ಟು, ಅಂದಾಜು ಎಷ್ಟು, ಅನುಮಾನ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಹೇಳುವ ಶಿಸ್ತನ್ನು ನಾಗರಹೊಳೆಯ ಸಂಶೋಧನೆ ಕಲಿಸಿತು. ಮುಂದಿನ ಗಣತಿಯ ಅಂಕಿ ಪತ್ರಿಕೆಯಲ್ಲಿ ಬಂದಾಗ ಓದುಗರೂ ಅದು ಏರಿತೇ ಇಳಿಯಿತೇ ಎಂದು ನೋಡಿ ಸುಮ್ಮನಾಗದೆ, ಅದನ್ನು ಹೇಗೆ ಎಣಿಸಿದರು ಎಂದು ಕೇಳುವುದು ಒಳಿತು.